ಕಡವಿನವನ ನ್ಯಾಯ: ಇಂಟರ್ನೆಟ್ಟಿನ ದಾರಿಯ ಕತೆ

2024ರ ಜುಲೈ ತಿಂಗಳ ಮೊದಲ ವಾರ. ಹೊರಗೆ ಜಡಿಮಳೆ. ನಮ್ಮ ವಾಚನಾಲಯದ ಜಗಲಿಯಲ್ಲಿ ಪೇಪರು ಓದಲು ಬಂದವರ ಮಾತು ಅಡಿಕೆಯ ಕೊಳೆರೋಗದಿಂದ ಶುರುವಾಗಿ ಮೊಬೈಲಿನ ರೀಚಾರ್ಜಿಗೆ ಬಂದು ನಿಂತಿತು.

"ಮಾಸ್ಟ್ರೇ, ಒಂದು ಕಂಪೆನಿ ರೇಟು ಏರಿಸಿತು, ಮರುದಿನ ಉಳಿದ ಎರಡೂ ಏರಿಸಿದವು. ಬೇರೆ ಕಡೆಗೆ ಹೋಗುವ ಅಂದರೆ ಬೇರೆ ಕಡೆ ಅಂತ ಎಲ್ಲಿ ಉಂಟು?" ಅಂತ ಒಬ್ಬರು ಕೇಳಿದರು. ಇನ್ನೊಬ್ಬರ ಬೇಸರ ಬೇರೆ ತರದ್ದು. "ನಮ್ಮಮ್ಮನಿಗೆ ಫೋನು ಬಂದರೆ ಎತ್ತಲು ಮಾತ್ರ ಗೊತ್ತು. ಆದರೂ ದಿನಕ್ಕೆ ಒಂದು ಜಿಬಿ ನೆಟ್ಟಿಗೆ ದುಡ್ಡು ಕೊಡಬೇಕು ಮಾರಾಯ್ರೆ!" ಮೂಲೆಯಲ್ಲಿ ಕೂತಿದ್ದ ಕಾಲೇಜು ಹುಡುಗ ತಲೆ ಎತ್ತಿ ಹೇಳಿದ: "ನಮ್ಮ ದೇಶದಲ್ಲಿ ನೆಟ್ ನ್ಯೂಟ್ರಾಲಿಟಿ ಕಾನೂನು ಉಂಟಲ್ಲ ಸರ್, ಮತ್ತೆ ಹೀಗೆ ಮಾಡಬಹುದಾ?"

ಆ ದಿನ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ತಿಳಿದವರಲ್ಲಿ ಕೇಳಿದೆ. ಹುಡುಗ ಹೇಳಿದ ಕಾನೂನು ಇರುವುದು ನಿಜ. ಜಗಲಿಯವರ ಸಂಕಟವೂ ನಿಜ. ಎರಡೂ ಒಟ್ಟಿಗೆ ನಿಜವಾದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಡವು ಮತ್ತು ಕಡವಿನವ

ನಮ್ಮ ಜಿಲ್ಲೆಯಲ್ಲಿ ಹೊಳೆಗಳಿಗೆ ಬರಗಾಲವಿಲ್ಲ. ಚಂದ್ರಗಿರಿ, ಮೊಗ್ರಾಲು, ಶಿರಿಯ, ಉಪ್ಪಳ. ಸೇತುವೆ ಬರುವ ಮೊದಲು ಹೊಳೆ ದಾಟುವುದಕ್ಕೆ ಕಡವೇ ಗತಿ. ಕಡವಿನವ ಯಾರು ಬಂದರೂ ದೋಣಿಗೆ ಹತ್ತಿಸಬೇಕು, ಎಲ್ಲರಿಂದಲೂ ಒಂದೇ ದರ ತೆಗೆದುಕೊಳ್ಳಬೇಕು. ಇದು ಯಾರೂ ಬರೆದಿಡದ ನ್ಯಾಯ.

ಒಂದು ದಿನ ಅವನು "ಆಚೆ ದಡದಲ್ಲಿ ನೀವು ಯಾವ ಅಂಗಡಿಗೆ ಹೋಗುವುದು?" ಅಂತ ಕೇಳಲು ಶುರುಮಾಡಿದ ಅಂತ ಇಟ್ಟುಕೊಳ್ಳಿ. ತನಗೆ ಕಮಿಷನ್ ಕೊಡುವ ಅಂಗಡಿಗೆ ಹೋಗುವವರಿಗೆ ದೋಣಿ ಫ್ರೀ, ಉಳಿದವರಿಗೆ ಎರಡು ಪಟ್ಟು. ಹೀಗಾದರೆ ಆಚೆ ದಡದ ಪೇಟೆಯಲ್ಲಿ ಯಾವ ಅಂಗಡಿ ಉಳಿಯಬೇಕು, ಯಾವುದು ಬಾಗಿಲು ಹಾಕಬೇಕು ಅಂತ ತೀರ್ಮಾನ ಮಾಡುವುದು ಗಿರಾಕಿಯಲ್ಲ, ಕಡವಿನವ.

ಇಂಟರ್ನೆಟ್ ಕಂಪೆನಿ ಈ ಕಡವಿನವನ ಹಾಗೆ. ಅದರ ಕೆಲಸ ನಮ್ಮನ್ನು ಆಚೆ ದಡಕ್ಕೆ ಮುಟ್ಟಿಸುವುದು. ಅಲ್ಲಿ ನಾವು ಏನು ಓದುತ್ತೇವೆ, ಯಾರ ಹತ್ತಿರ ಮಾತಾಡುತ್ತೇವೆ ಎಂಬುದನ್ನು ನೋಡಿ ದರವನ್ನಾಗಲಿ ವೇಗವನ್ನಾಗಲಿ ಬದಲಿಸಬಾರದು. ಇದಕ್ಕೇ ನೆಟ್ ನ್ಯೂಟ್ರಾಲಿಟಿ ಅನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಅಂತರ್ಜಾಲ ತಟಸ್ಥತೆ ಅಂತ ಬರುತ್ತದೆ.

ಆದರೆ ಕಡವಿನಲ್ಲಿ ಇನ್ನೊಂದು ಪ್ರಶ್ನೆಯೂ ಉಂಟು. ದೋಣಿಗಳು ಎಷ್ಟು? ಒಂದೇ ದೋಣಿಯಾದರೆ, ಅವನು ಎಲ್ಲರಿಂದ ಸಮಾನವಾಗಿ ಹತ್ತು ಪಟ್ಟು ದರ ತೆಗೆದುಕೊಂಡರೂ 'ಭೇದ ಮಾಡಿದ' ಅಂತ ದೂರು ಕೊಡುವ ಹಾಗಿಲ್ಲ. ಭೇದವಿಲ್ಲದಿರುವುದು ಒಂದು, ಆಯ್ಕೆ ಇರುವುದು ಇನ್ನೊಂದು.

ಇದು ಬಹಳ ಹಿಂದೆಯೇ ಕಂಡುಕೊಂಡ ವಿಷಯ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಎಂಬವರು ಬಂದರುಗಳ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದರು. ಬಂದರಿನಲ್ಲಿ ಸರಕು ಇಳಿಸುವ ಕಟ್ಟೆಯೋ ಸರಕು ಎತ್ತುವ ಯಂತ್ರವೋ ಒಂದೇ ಇದ್ದರೆ, ಅದು ಖಾಸಗಿಯವರದ್ದಾದರೂ ಬರೀ ಖಾಸಗಿ ಸೊತ್ತಲ್ಲ. ಅದರಲ್ಲಿ ಊರಿನವರ ಹಿತವೂ ಸೇರಿದೆ, ಆದ್ದರಿಂದ ದರ ನ್ಯಾಯವಾಗಿರಬೇಕು. ಈ ಮಾತನ್ನು ಹಿಡಿದುಕೊಂಡು 1877ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಚಿಕಾಗೋದ ಧಾನ್ಯದ ಗೋದಾಮುಗಳ ಬಾಡಿಗೆಗೆ ಸರಕಾರ ಮಿತಿ ಹಾಕಬಹುದು ಅಂತ ತೀರ್ಪು ಕೊಟ್ಟಿತು. ಕೆಲವೇ ಮಾಲೀಕರ ಕೈಯಲ್ಲಿದ್ದ ಆ ಗೋದಾಮುಗಳ ಬಾಡಿಗೆಯ ವಿರುದ್ಧ ಎದ್ದವರು ಅಲ್ಲಿಯ ರೈತರು.

ಹೆಣದ ಪೆಟ್ಟಿಗೆಯವನು ಮಾಡಿದ ಯಂತ್ರ

ತಂತಿಯ ಲೋಕಕ್ಕೆ ಈ ಜಗಳ ಬಂದದ್ದಕ್ಕೂ ಒಂದು ಕತೆ ಉಂಟು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವರು ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವ್ಯಾಪಾರ ಮಾಡುತ್ತಿದ್ದರು. ಆಗಿನ ಟೆಲಿಫೋನಿನಲ್ಲಿ ನಂಬರು ಒತ್ತುವುದೆಲ್ಲ ಇರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರಿಗೆ ಹೇಳಿದರೆ ಅವರು ತಂತಿ ಜೋಡಿಸಬೇಕು. ಸ್ಟ್ರೌಜರ್ ಅವರಿಗೆ ಬರಬೇಕಾದ ಫೋನುಗಳೆಲ್ಲ ಅವರ ಎದುರಾಳಿಯ ಅಂಗಡಿಗೆ ಹೋಗುತ್ತಿದ್ದವಂತೆ. ಆಪರೇಟರು ಆ ಎದುರಾಳಿಯ ಹೆಂಡತಿ ಅಂತ ಕತೆ ಹೇಳುತ್ತದೆ. ಆ ವಿವರದಲ್ಲಿ ಎಷ್ಟು ಉಪ್ಪು ಖಾರ ಸೇರಿದೆಯೋ, ಆದರೆ ಸಿಟ್ಟು ಬಂದ ಸ್ಟ್ರೌಜರ್ ಸುಮ್ಮನೆ ಕೂರಲಿಲ್ಲ ಎಂಬುದು ಮಾತ್ರ ದಾಖಲೆಯಲ್ಲಿದೆ. ಮನುಷ್ಯರಿಲ್ಲದೆ ತಾನಾಗಿಯೇ ತಂತಿ ಜೋಡಿಸುವ ಎಕ್ಸ್‌ಚೇಂಜನ್ನು ಕಂಡುಹಿಡಿದು 1891ರಲ್ಲಿ ಪೇಟೆಂಟ್ ಪಡೆದರು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ಕೆಲಸಕ್ಕೆ ಬಂತು. ದಾರಿ ಜೋಡಿಸುವವ ಪಕ್ಷ ವಹಿಸಬಾರದು ಎಂಬ ಹಟದಿಂದ ಹುಟ್ಟಿದ ಯಂತ್ರ ಅದು.

ಎರಡನೆಯ ಪ್ರಶ್ನೆ, ಅಂದರೆ ದೋಣಿಗಳು ಎಷ್ಟು ಎಂಬ ಪ್ರಶ್ನೆಯೂ ಅಲ್ಲಿ ಅದೇ ಕಾಲಕ್ಕೆ ಬಂತು. ಟೆಲಿಫೋನಿನ ಪೇಟೆಂಟುಗಳು ಬೆಲ್ ಕಂಪೆನಿಯ ಕೈಯಲ್ಲಿದ್ದವು. 1893 ಮತ್ತು 1894ರಲ್ಲಿ ಅವುಗಳ ಅವಧಿ ಮುಗಿದದ್ದೇ ತಡ, ಊರೂರಿನಲ್ಲಿ ಸಣ್ಣ ಕಂಪೆನಿಗಳು ಎದ್ದವು. ದೊಡ್ಡ ಕಂಪೆನಿ ತಿರುಗಿಯೂ ನೋಡದ ಹಳ್ಳಿಗಳಲ್ಲಿ ರೈತರೇ ಸೇರಿ ಲೈನು ಎಳೆದುಕೊಂಡರು. ಕೆಲವು ಕಡೆ ಬೇಲಿಯ ಮುಳ್ಳುತಂತಿಯೇ ಟೆಲಿಫೋನಿನ ತಂತಿಯಾಯಿತು. ದೊಡ್ಡ ಕಂಪೆನಿ ಆಗ ಬೇರೆ ಉಪಾಯ ಮಾಡಿತು. ತನ್ನ ದೂರದ ಲೈನಿಗೆ ಈ ಸಣ್ಣವರನ್ನು ಸೇರಿಸುವುದಿಲ್ಲ ಅಂದಿತು. ಪೇಟೆಯ ಅಂಗಡಿಗಳಲ್ಲಿ ಎರಡೆರಡು ಕಂಪೆನಿಯ ಎರಡು ಫೋನು ಇಡಬೇಕಾಯಿತು. ಕೊನೆಗೆ ಸರಕಾರದ ಒತ್ತಡಕ್ಕೆ ಮಣಿದು 1913ರ ಡಿಸೆಂಬರಿನಲ್ಲಿ ಕಂಪೆನಿ ತನ್ನ ದೂರದ ಲೈನನ್ನು ಉಳಿದವರಿಗೂ ಬಿಟ್ಟುಕೊಡಲು ಒಪ್ಪಿತು. ಆದರೂ ಮುಂದಿನ ಎಪ್ಪತ್ತು ವರ್ಷ ಅಲ್ಲಿ ಹೆಚ್ಚುಕಡಿಮೆ ಅದೇ ಒಂದು ಕಂಪೆನಿಯ ದರಬಾರು. 1984ರ ಜನವರಿ 1ರಂದು ಅದರ ಊರೊಳಗಿನ ಟೆಲಿಫೋನು ವ್ಯವಹಾರವನ್ನು ಬೇರ್ಪಡಿಸಿ ಏಳು ಪ್ರಾದೇಶಿಕ ಕಂಪೆನಿಗಳನ್ನಾಗಿ ಮಾಡಲಾಯಿತು.

ನೆಟ್ ನ್ಯೂಟ್ರಾಲಿಟಿ ಎಂಬ ಹೆಸರು ಬಂದದ್ದೂ ಅಮೆರಿಕದಿಂದಲೇ. ಟಿಮ್ ವೂ ಎಂಬ ಕಾನೂನು ಪ್ರಾಧ್ಯಾಪಕರು 2003ರಲ್ಲಿ ಒಂದು ಪ್ರಬಂಧದಲ್ಲಿ ಅದನ್ನು ಬಳಸಿದರು. 2005ರಲ್ಲಿ ಉತ್ತರ ಕೆರೊಲಿನಾದ ಒಂದು ಟೆಲಿಫೋನ್ ಕಂಪೆನಿ, ಇಂಟರ್ನೆಟ್ ಮೂಲಕ ಅಗ್ಗದಲ್ಲಿ ಮಾತಾಡುವ ಸೌಲಭ್ಯವನ್ನು ತಡೆದದ್ದಕ್ಕೆ ಹದಿನೈದು ಸಾವಿರ ಡಾಲರ್ ಕಟ್ಟಬೇಕಾಯಿತು. ಆದರೆ ಅಲ್ಲಿಯ ಕಾನೂನು ಮಳೆಗಾಲದ ಬಿಸಿಲಿನ ಹಾಗೆ. 2015ರಲ್ಲಿ ಬಂತು, 2017ರಲ್ಲಿ ಹೋಯಿತು, 2024ರಲ್ಲಿ ತಿರುಗಿ ಬಂತು, 2025ರ ಜನವರಿಯಲ್ಲಿ ಕೋರ್ಟು ಅದನ್ನು ಮತ್ತೆ ರದ್ದುಮಾಡಿತು. ಅಲ್ಲಿ ಈ ಜಗಳ ಅಷ್ಟು ಬಿಸಿಯಾಗಲು ಕಾರಣವೂ ದೋಣಿಯ ಲೆಕ್ಕವೇ. ಬಹಳಷ್ಟು ಮನೆಗಳಿಗೆ ವೇಗದ ಇಂಟರ್ನೆಟ್ ಕೊಡುವವರು ಒಬ್ಬರು, ಹೆಚ್ಚೆಂದರೆ ಇಬ್ಬರು.

ನಮ್ಮಲ್ಲಿ ಒಂದೇ ಅಂಗಡಿಯ ಕಾಲ

ನಮ್ಮ ದೇಶದ ಕತೆ ಬೇರೆ. ಇಲ್ಲಿ ತಂತಿಯ ಮೇಲಿನ ಹಕ್ಕೆಲ್ಲ ಸರಕಾರದ್ದು. ಹಾಗಂತ ಬರೆದಿಟ್ಟದ್ದು ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯಿದೆ. ಸ್ವಾತಂತ್ರ್ಯ ಬಂದ ಮೇಲೂ ಅದೇ ನಡೆಯಿತು. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ನಮ್ಮ ಪ್ರಾಯದವರಿಗೆ ನೆನಪುಂಟು. ಮುಂಬಯಿಯಲ್ಲಿದ್ದ ಅಣ್ಣನಿಗೆ ಒಂದು ಸುದ್ದಿ ಮುಟ್ಟಿಸಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನಲ್ಲಿ ಮಧ್ಯಾಹ್ನದ ತನಕ ಕೂತದ್ದು ನನಗೇ ಗೊತ್ತು.

1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಹುಟ್ಟಿ, ಹಳ್ಳಿಯ ಸೆಕೆಗೂ ಧೂಳಿಗೂ ತಡೆಯುವ ಸಣ್ಣ ಎಕ್ಸ್‌ಚೇಂಜನ್ನು ನಮ್ಮವರೇ ತಯಾರಿಸಿದರು. ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ಶುರುವಾದದ್ದು ಕರ್ನಾಟಕದ ಕಿತ್ತೂರಿನಲ್ಲಿ. ಅದರ ಹಿಂದೆಯೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಗಲ್ಫಿನಲ್ಲಿದ್ದ ಮಗನಿಂದ ಫೋನು ಬರುತ್ತದೆ ಅಂತ ಶುಕ್ರವಾರ ಬೂತಿನ ಎದುರು ತಾಯಂದಿರು ಕಾದು ಕೂತಿರುತ್ತಿದ್ದರು.

ಇಂಟರ್ನೆಟ್ ಜನರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗಲೂ ಅಂಗಡಿ ಒಂದೇ, 1998ರ ತನಕ ಖಾಸಗಿಯವರಿಗೆ ಅವಕಾಶವಿರಲಿಲ್ಲ. ಆ ಒಂಟಿ ಅಂಗಡಿ ಏನು ಮಾಡಿತು ಗೊತ್ತುಂಟಾ? ಇಂಟರ್ನೆಟ್ ಮೂಲಕ ವಿದೇಶಕ್ಕೆ ಅಗ್ಗದಲ್ಲಿ ಮಾತಾಡುವ ತಾಣಗಳನ್ನು ತಡೆಯಿತು. ಯಾಕೆ ಅಂದರೆ ವಿದೇಶಕ್ಕೆ ಫೋನು ಮಾಡುವ ವ್ಯಾಪಾರವೂ ಅದರದ್ದೇ. ಇಂಟರ್ನೆಟ್ ಫೋನಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ಇದನ್ನು ಯಾಕೆ ಹೇಳಿದೆ ಅಂದರೆ, ಖಾಸಗಿ ಕಂಪೆನಿ ಕೆಟ್ಟದ್ದು, ಸರಕಾರಿ ಕಂಪೆನಿ ಒಳ್ಳೆಯದು ಅಂತ ಸುಲಭದ ಗೆರೆ ಎಳೆಯಲು ಇಲ್ಲಿ ಆಗುವುದಿಲ್ಲ. ದೋಣಿ ಒಂದೇ ಇದ್ದರೆ ಹುಟ್ಟು ಹಾಕುವವ ಯಾರಾದರೂ ಹಾಗೆಯೇ ಮಾಡಿಯಾನು.

ಗಡಿಯ ಟವರು

ಮೊಬೈಲು ಬಂದದ್ದೂ 1995ರಲ್ಲೇ. ಜುಲೈ 31ರಂದು ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯ ಸಚಿವ ಸುಖರಾಮ್ ಅವರ ಜೊತೆ ಮಾತಾಡಿದರು. ಕೇರಳದಲ್ಲಿ 1996ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಿಂದ ಮೊದಲ ಕರೆ ಮಾಡಿದವರು ರಾಜಕಾರಣಿಯಲ್ಲ, ಕಾದಂಬರಿಕಾರ ತಕಳಿ ಶಿವಶಂಕರ ಪಿಳ್ಳೆ. ಆಗ ಫೋನು ಮಾಡಿದವನಿಗೂ ದುಡ್ಡು, ಎತ್ತಿದವನಿಗೂ ದುಡ್ಡು. 2003ರ ಮೇ ತಿಂಗಳಿಂದ ಎತ್ತಿದವನಿಗೆ ಫ್ರೀ ಆಯಿತು. ಅಷ್ಟರಲ್ಲಿ ಬಿಎಸ್‌ಎನ್‌ಎಲ್ ಕೂಡ ಮೊಬೈಲಿಗೆ ಇಳಿದಿತ್ತು. ಮೀನು ಮಾರುವವರ ಕೈಗೂ ಫೋನು ಬಂದದ್ದು ಹೀಗೆ, ಒಬ್ಬರ ಮೇಲೆ ಒಬ್ಬರು ಪೈಪೋಟಿ ಮಾಡಿ ದರ ಇಳಿಸಿದ್ದರಿಂದ.

ನಮ್ಮ ಗಡಿಯವರಿಗೆ ಮಾತ್ರ ಒಂದು ಹೆಚ್ಚಿನ ತಾಪತ್ರಯ ಇತ್ತು. ಸರಕಾರ ದೇಶವನ್ನು ಟೆಲಿಕಾಂ ಸರ್ಕಲ್ ಅಂತ ಭಾಗ ಮಾಡಿದ್ದು ಹೆಚ್ಚುಕಡಿಮೆ ರಾಜ್ಯದ ಗಡಿಯನ್ನೇ ಹಿಡಿದು. 1956ರ ನವೆಂಬರ್ 1ರಂದು ನೆಲದ ಮೇಲೆ ಎಳೆದ ಗೆರೆಯನ್ನು ಈಗ ಆಕಾಶದಲ್ಲೂ ಎಳೆದ ಹಾಗಾಯಿತು. ಆದರೆ ಟವರಿನ ಅಲೆಗೆ ಗಡಿ ಗೊತ್ತಿಲ್ಲ. ನಮ್ಮ ಮನೆಯ ಅಂಗಳದಲ್ಲಿ ಕೇರಳದ ಟವರು, ಹಿತ್ತಿಲಿನ ಗುಡ್ಡ ಹತ್ತಿದರೆ ಕರ್ನಾಟಕದ ಟವರು. ಗುಡ್ಡದಲ್ಲಿ ಗೇರುಬೀಜ ಹೆಕ್ಕುವಾಗ ಫೋನು ಬಂದರೆ ರೋಮಿಂಗ್ ಅಂತ ದುಡ್ಡು ಕಟ್! ಮನೆ ಜಾಗದಲ್ಲೇ ನಿಂತು ಪರರಾಜ್ಯಕ್ಕೆ ಹೋದ ಲೆಕ್ಕ. ಕಂಪೆನಿಯವರಿಗೆ ಹೇಳಿದರೆ "ನೀವು ಗುಡ್ಡಕ್ಕೆ ಹೋಗಬೇಡಿ" ಅಂದರು.

2011ರ ಜನವರಿಯಲ್ಲಿ ನಂಬರು ಬದಲಿಸದೆ ಕಂಪೆನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂದರೂ ಅದು ಸರ್ಕಲಿನ ಒಳಗೆ ಮಾತ್ರ. ಮಂಗಳೂರಿಗೆ ಮದುವೆಯಾಗಿ ಹೋದ ಮಗಳಿಗೆ ಹಳೆಯ ನಂಬರನ್ನು ಅಲ್ಲಿಯ ಸರ್ಕಲಿಗೆ ವರ್ಗ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಆ ಗೋಡೆ ಬಿದ್ದದ್ದು 2015ರ ಜುಲೈ 3ರಂದು. ಅದೇ ವರ್ಷ ಜೂನ್ ತಿಂಗಳಲ್ಲಿ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಬರುವ ಕರೆಯನ್ನು ಫ್ರೀ ಮಾಡಿತು. ಮುಂದೆ ಜಿಯೋ ಬಂದ ಮೇಲೆ ಉಳಿದವರೂ ರೋಮಿಂಗ್ ದರವನ್ನು ಬಿಟ್ಟರು. ಇಲ್ಲೂ ನೋಡಿ, ನಮ್ಮ ದೂರಿನಿಂದ ಆಗದ ಕೆಲಸ ಪೈಪೋಟಿಯಿಂದ ಆಯಿತು.

ಫ್ರೀ ದೋಣಿ ಬೇಡ ಅಂದ ದೇಶ

ಈಗ ಹುಡುಗ ಹೇಳಿದ ಕಾನೂನಿನ ಕತೆಗೆ ಬರುವ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪೆನಿ, ಸ್ಕೈಪ್, ವೈಬರ್ ತರದ ಆ್ಯಪ್‌ಗಳಲ್ಲಿ ಮಾತಾಡುವುದಕ್ಕೆ ಬೇರೆಯೇ ದರ ಹಾಕುತ್ತೇವೆ ಅಂತ ಸಾರಿತು. ಜನ ಬೊಬ್ಬೆ ಹೊಡೆದರು, ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡಿತು. 2015ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಮತ್ತು ರಿಲಯನ್ಸ್ ಕಮ್ಯುನಿಕೇಷನ್ಸ್ ಸೇರಿ ಒಂದು ಯೋಜನೆ ತಂದವು. ಆಯ್ದ ಕೆಲವು ತಾಣಗಳು ಫ್ರೀ, ಉಳಿದದ್ದಕ್ಕೆಲ್ಲ ದುಡ್ಡು. ಇದಕ್ಕೆ ಆಮೇಲೆ 'ಫ್ರೀ ಬೇಸಿಕ್ಸ್' ಅಂತ ಹೆಸರಿಟ್ಟರು. ಏಪ್ರಿಲಿನಲ್ಲಿ 'ಏರ್‌ಟೆಲ್ ಜೀರೋ' ಬಂತು. ಅದರಲ್ಲಿ ಆ್ಯಪ್‌ನವರು ಟೆಲಿಕಾಂ ಕಂಪೆನಿಗೆ ದುಡ್ಡು ಕೊಟ್ಟರೆ ಗಿರಾಕಿಗೆ ಆ ಆ್ಯಪ್ ಫ್ರೀ. ಕಡವಿನವನ ಕಮಿಷನ್ ಕತೆಯೇ ಅಲ್ಲವಾ?

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರ ಮಾರ್ಚ್ 27ರಂದು ಒಂದು ಸಮಾಲೋಚನಾ ಪತ್ರ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ನೂರಕ್ಕಿಂತ ಹೆಚ್ಚು ಪುಟದ, ಒಣ ಇಂಗ್ಲಿಷಿನ ಪತ್ರ ಅದು. ಇಂಥದ್ದನ್ನು ಸಾಮಾನ್ಯವಾಗಿ ಕಂಪೆನಿಯ ವಕೀಲರು ಬಿಟ್ಟರೆ ಯಾರೂ ಓದುವುದಿಲ್ಲ. ಆದರೆ ಪತ್ರಕರ್ತ ನಿಖಿಲ್ ಪಾಹ್ವಾ ಮತ್ತು ಅವರ ಹಾಗೆಯೇ ಯೋಚಿಸುವ ವಕೀಲರು, ಸಾಫ್ಟ್‌ವೇರ್ ಕೆಲಸದವರು ಸೇರಿ ಅದನ್ನು ಸುಲಭದ ಮಾತಿನಲ್ಲಿ ತಿಳಿಸಿ, ಜನ ಉತ್ತರ ಬರೆಯುವ ಹಾಗೆ ಮಾಡಿದರು. ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಹೋದವು. ಏರ್‌ಟೆಲ್ ಜೀರೋ ಸೇರಲು ಮಾತುಕತೆ ನಡೆಸುತ್ತಿದ್ದ ಫ್ಲಿಪ್‌ಕಾರ್ಟ್ ಹಿಂದೆ ಸರಿಯಿತು.

ಆ ವರ್ಷದ ಕೊನೆಗೆ ಟ್ರಾಯ್ ದರದ ಭೇದದ ಬಗ್ಗೆಯೇ ಇನ್ನೊಂದು ಪತ್ರ ತಂದಿತು. ಈ ಸಲ ಫೇಸ್‌ಬುಕ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ಬಡವನಿಗೆ ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ಸಿಗಲಿ ಎಂಬುದು ಅದರ ವಾದ. ತಳ್ಳಿಹಾಕುವ ವಾದವಲ್ಲ ಅದು. ಹಸಿದವನಿಗೆ ಗಂಜಿಯಾದರೂ ಆದೀತು. ಆದರೆ ಆ ಗಂಜಿಯ ಪಾತ್ರೆಯಲ್ಲಿ ಏನಿರಬೇಕು ಅಂತ ಅಮೆರಿಕದ ಒಂದು ಕಂಪೆನಿ ಹೇಳಬೇಕಾ? ನಮ್ಮ ಅಡಿಕೆ ಕೃಷಿಕರನ್ನೇ ಯೋಚಿಸಿ. ಒಬ್ಬ ದೊಡ್ಡ ವ್ಯಾಪಾರಿಯ ದರಪಟ್ಟಿ ಫೋನಿನಲ್ಲಿ ಫ್ರೀ, ಸಹಕಾರಿ ಸಂಘದ ದರ ನೋಡಲು ದುಡ್ಡು ಅಂತಾದರೆ, ಎಷ್ಟು ಜನ ದುಡ್ಡು ಕೊಟ್ಟು ಎರಡನ್ನೂ ಹೋಲಿಸಿ ನೋಡಿಯಾರು?

2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು. ಆಗ ಆರ್. ಎಸ್. ಶರ್ಮಾ ಅಧ್ಯಕ್ಷರು. ಏನು ನೋಡುತ್ತೀರಿ ಎಂಬುದರ ಮೇಲೆ ಡೇಟಾದ ದರ ಬೇರೆ ಬೇರೆ ಇರಬಾರದು. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿ, ಹೆಚ್ಚೆಂದರೆ 50 ಲಕ್ಷದ ತನಕ ದಂಡ. ತುರ್ತು ಪರಿಸ್ಥಿತಿಗೆ ಮಾತ್ರ ವಿನಾಯಿತಿ. ಮೂರೇ ದಿನದಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಗಂಟು ಕಟ್ಟಿತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ವೇಗದ ವಿಷಯದಲ್ಲೂ ಇದೇ ತತ್ತ್ವವನ್ನು ಒಪ್ಪಿತು. ಒಂದು ತಾಣವನ್ನು ನಿಧಾನ ಮಾಡುವುದು, ದುಡ್ಡು ಕೊಟ್ಟ ತಾಣವನ್ನು ಮುಂದೆ ಬಿಡುವುದು ಲೈಸೆನ್ಸಿನ ಷರತ್ತಿಗೆ ವಿರೋಧ ಅಂತಾಯಿತು. ಅಮೆರಿಕದಲ್ಲಿ ಬಂದು ಹೋಗುವ ನಿಯಮ ನಮ್ಮಲ್ಲಿ ನೆಲೆ ನಿಂತಿತು. ಹೆಮ್ಮೆ ಪಡಬೇಕಾದ ವಿಷಯವೇ.

ಅದೇ ವರ್ಷಗಳಲ್ಲಿ ಬರಿದಾದ ಕಡವು

ಆದರೆ ನಾವು ಈ ಬಾಗಿಲು ಕಾಯುತ್ತಿದ್ದಾಗ ಹಿತ್ತಿಲಿನ ಬಾಗಿಲಿನಲ್ಲಿ ಬೇರೆಯೇ ಕತೆ ನಡೆಯುತ್ತಿತ್ತು.

2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟು 2ಜಿ ಪ್ರಕರಣದಲ್ಲಿ 122 ಲೈಸೆನ್ಸುಗಳನ್ನು ರದ್ದುಮಾಡುವ ಹೊತ್ತಿಗೆ ದೇಶದಲ್ಲಿ ಹತ್ತಕ್ಕಿಂತ ಹೆಚ್ಚು ಮೊಬೈಲ್ ಕಂಪೆನಿಗಳಿದ್ದವು. ಆ ತೀರ್ಪಿನಿಂದ ಕೆಲವು ಹೋದವು. ಉಳಿದವರು ಹರಾಜಿನಲ್ಲಿ ಸಾವಿರಾರು ಕೋಟಿ ಕೊಟ್ಟು ತರಂಗಾಂತರ ಹಿಡಿದು ಸಾಲದಲ್ಲಿ ಮುಳುಗಿದರು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಮಾರ್ಚ್ ತನಕ ಎಲ್ಲ ಫ್ರೀ. 2014ರ ಹೊತ್ತಿಗೆ ಒಂದು ಜಿಬಿಗೆ 250 ರೂಪಾಯಿಗೂ ಹೆಚ್ಚಿದ್ದ ಸರಾಸರಿ ದರ 2018ಕ್ಕೆ ಹನ್ನೆರಡು ರೂಪಾಯಿಯ ಹತ್ತಿರಕ್ಕೆ ಇಳಿಯಿತು.

ಇಲ್ಲಿ ಒಂದು ವಿಚಾರ ಗಮನಿಸಿ. ಬಡವನಿಗೆ ನಾಲ್ಕು ತಾಣ ಮಾತ್ರ ಕೊಡಲು ಸಾಧ್ಯ ಅಂತ ಫ್ರೀ ಬೇಸಿಕ್ಸ್ ಹೇಳಿತ್ತು. ಅದು ಹೋದ ಏಳೇ ತಿಂಗಳಲ್ಲಿ ಬಡವನಿಗೆ ಇಡೀ ಇಂಟರ್ನೆಟ್ ಸಿಕ್ಕಿತು. ಅದನ್ನು ತಂದದ್ದು ದಾನವಲ್ಲ, ಹೊಸ ದೋಣಿಯ ಪೈಪೋಟಿ. ಕಾನೂನು ಇಡೀ ಪೇಟೆಯನ್ನು ತೆರೆದಿಟ್ಟಿತು, ಪೈಪೋಟಿ ಜನರನ್ನು ಅಲ್ಲಿಗೆ ಮುಟ್ಟಿಸಿತು. ಎರಡೂ ಬೇಕಿತ್ತು.

ಆದರೆ ಆ ಪೈಪೋಟಿಯ ಬೆಂಕಿಯಲ್ಲಿ ಉಳಿದ ದೋಣಿಗಳು ಸುಟ್ಟವು. ಜಿಯೋದ ದರ ಅನ್ಯಾಯದ್ದು ಅಂತ ಏರ್‌ಟೆಲ್ ಕೊಟ್ಟ ದೂರನ್ನು ಸ್ಪರ್ಧಾ ಆಯೋಗ 2017ರಲ್ಲಿ ತಳ್ಳಿಹಾಕಿತು. ಹೊಸದಾಗಿ ಬಂದವನನ್ನು ಮಾರುಕಟ್ಟೆಯ ಯಜಮಾನ ಅನ್ನಲು ಆಗುವುದಿಲ್ಲ ಎಂಬುದು ಕಾರಣ. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಟೆಲಿನಾರ್ ಮತ್ತು ಟಾಟಾದ ಮೊಬೈಲ್ ಗಿರಾಕಿಗಳು ಏರ್‌ಟೆಲ್ ಪಾಲಾದರು. 2018ರ ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾದವು. 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಂಪೆನಿಗಳ ಹಳೆಯ ಬಾಕಿಯನ್ನು ಸರಕಾರದ ಲೆಕ್ಕದಂತೆಯೇ ಕಟ್ಟಬೇಕು ಅಂದಾಗ, ಒಂದಾದ ಆ ಕಂಪೆನಿಯ ಮೇಲೆ ಬಂದ ಹೊರೆ ಸುಮಾರು 58 ಸಾವಿರ ಕೋಟಿ. ಅದರಲ್ಲಿ ಈಗ ಅರ್ಧದ ಹತ್ತಿರ ಪಾಲು ಸರಕಾರದ್ದೇ, ಬಾಕಿಯ ಬದಲು ಶೇರು ತೆಗೆದುಕೊಂಡದ್ದು. ಬಿಎಸ್‌ಎನ್‌ಎಲ್‌ನಲ್ಲಿ 2020ರ ಜನವರಿ ಕೊನೆಗೆ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ಖಾಸಗಿಯವರು 5ಜಿ ಹಾಕುವಾಗ ಅದಕ್ಕೆ 4ಜಿಯೇ ಸರಿಯಾಗಿ ಇರಲಿಲ್ಲ. ದೇಶದಲ್ಲೇ ತಯಾರಾದ ಅದರ 4ಜಿ ಜಾಲದ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ.

ಈಗ ಲೆಕ್ಕ ಹಾಕಿ. ಜಿಯೋ, ಏರ್‌ಟೆಲ್ ಎರಡೇ ಕಂಪೆನಿಗಳ ಹತ್ತಿರ ದೇಶದ ಮೊಬೈಲ್ ಗಿರಾಕಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ ಜನ ಇದ್ದಾರೆ. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ: ಮೂರು ಸಲವೂ ಖಾಸಗಿಯವರೆಲ್ಲ ಕೆಲವು ದಿನಗಳ ಅಂತರದಲ್ಲಿ ದರ ಏರಿಸಿದರು. ಜಗಲಿಯ ಪ್ರಶ್ನೆಗೆ ಉತ್ತರ ಇದೇ. ಹುಡುಗ ಹೇಳಿದ ಕಾನೂನು ಭೇದವನ್ನು ತಡೆಯುತ್ತದೆ, ದರವನ್ನು ತಡೆಯುವುದಿಲ್ಲ. ಟವರೇ ಇಲ್ಲದ ಕಡೆ ಟವರನ್ನೂ ತರುವುದಿಲ್ಲ.

ಟವರಿನ ಮಾತು ಬಂದಾಗ 2020 ನೆನಪಾಗುತ್ತದೆ. ಕೊರೊನಾ ಬಂದು ಶಾಲೆ ಮುಚ್ಚಿತು. ಜೂನ್ 1ರಿಂದ ಕೇರಳ ಸರಕಾರ ವಿಕ್ಟರ್ಸ್ ಚಾನೆಲಿನಲ್ಲಿ 'ಫಸ್ಟ್ ಬೆಲ್' ಪಾಠ ಶುರುಮಾಡಿತು. ಮಲಯಾಳ ಮಾಧ್ಯಮದ ಮಕ್ಕಳಿಗೆ ಟಿವಿ ಇದ್ದರೆ ಸಾಕು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಾಗಿ ಯೂಟ್ಯೂಬಿನ ಪಾಠವನ್ನೇ ನಂಬಬೇಕಾಯಿತು. ಅದಕ್ಕೆ ನೆಟ್ಟು ಬೇಕು. ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಶೀಟು ಕಟ್ಟಿ, ಮಳೆಯಲ್ಲಿ ಫೋನು ಹಿಡಿದು ಕೂತ ಮಕ್ಕಳನ್ನು ನಾನು ನೋಡಿದ್ದೇನೆ. ಇಡೀ ಇಂಟರ್ನೆಟ್ ಅವರಿಗೆ ಸಮಾನವಾಗಿ ತೆರೆದಿತ್ತು, ಕಾನೂನಿನ ಪ್ರಕಾರ. ಸಿಗ್ನಲ್ ಮಾತ್ರ ಇರಲಿಲ್ಲ.

ಇನ್ನು ಮುಂದೆ

ಹಾಗಂತ ಕೈ ಚೆಲ್ಲಿ ಕೂರಬೇಕಾಗಿಲ್ಲ. ಬೇಲಿಯ ತಂತಿಯಲ್ಲಿ ಫೋನು ಎಳೆದ ಅಮೆರಿಕದ ರೈತರ ಹಾಗೆ ನಮ್ಮ ಕೇರಳದಲ್ಲೂ ಒಂದು ಕೆಲಸ ಆಗಿದೆ. ಸಣ್ಣ ಸಣ್ಣ ಕೇಬಲ್ ಟಿವಿಯವರು ಸೇರಿ ಕಟ್ಟಿದ ಕೇರಳ ವಿಷನ್, ದೊಡ್ಡ ಕಂಪೆನಿಗಳ ಎದುರು ನಿಂತು ಹಳ್ಳಿ ಮನೆಗಳಿಗೂ ಫೈಬರ್ ಇಂಟರ್ನೆಟ್ ಕೊಡುತ್ತಿದೆ. 2023ರ ಜೂನ್ 5ರಂದು ಉದ್ಘಾಟನೆಯಾದ ಸರಕಾರದ ಕೆ-ಫೋನ್, ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ತಂತಿ ಎಳೆದು 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಗುರಿ ಇಟ್ಟುಕೊಂಡಿದೆ. ಗುರಿ ಮುಟ್ಟುವುದು ನಿಧಾನ. ಆದರೂ ಕಡವಿನಲ್ಲಿ ಇನ್ನೊಂದು ದೋಣಿ ಇದ್ದರೆ ಮೊದಲಿನವ ಮಾತು ಮೆತ್ತಗೆ ಆಡುತ್ತಾನೆ. 2024ರ ದರ ಏರಿಕೆಯ ನಂತರ ಕೆಲವು ತಿಂಗಳು ಲಕ್ಷಾಂತರ ಜನ ಬಿಎಸ್‌ಎನ್‌ಎಲ್‌ಗೆ ಹೋದದ್ದು ಯಾಕೆ? ಹೋಗಲು ಇನ್ನೊಂದು ಜಾಗ ಇತ್ತು, ಅದಕ್ಕೆ.

ಕಾನೂನಿನ ಬಾಗಿಲನ್ನೂ ಕಾಯುತ್ತಿರಬೇಕು. ಯೂಟ್ಯೂಬಿನಂಥ ದೊಡ್ಡವರು ನಮ್ಮ ಜಾಲವನ್ನು ಬಳಸುತ್ತಾರೆ, ಅವರೂ ನಮಗೆ ಪಾಲು ಕೊಡಲಿ ಅಂತ ಟೆಲಿಕಾಂ ಕಂಪೆನಿಗಳು ಕೆಲವು ವರ್ಷಗಳಿಂದ ಕೇಳುತ್ತಿವೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ದಕ್ಷಿಣ ಕೊರಿಯಾದಲ್ಲಿ ಜಾಲದ ಶುಲ್ಕ ದುಬಾರಿಯಾಯಿತು ಅಂತ ಟ್ವಿಚ್ ಎಂಬ ವಿಡಿಯೋ ತಾಣ 2024ರ ಫೆಬ್ರವರಿಯಲ್ಲಿ ಆ ದೇಶವನ್ನೇ ಬಿಟ್ಟುಹೋಯಿತು. ದೊಡ್ಡವರ ಗತಿ ಹೀಗಾದರೆ, ಕನ್ನಡ ಪಾಠ ಹಾಕುವ ಒಬ್ಬ ಟೀಚರು ನಡೆಸುವ ಸಣ್ಣ ತಾಣದ ಗತಿ ಏನು?

ಜಗಲಿಯ ಇನ್ನೊಬ್ಬರ ಬೇಸರಕ್ಕೆ ಸ್ವಲ್ಪ ಸಮಾಧಾನ ಸಿಕ್ಕಿದೆ. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜನ್ನು ಕಂಪೆನಿಗಳು ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್ 23ರಂದು ನಿಯಮ ಮಾಡಿತು. ಆದರೆ ಅದಕ್ಕೆ ಎಷ್ಟು ದರ ಎಂಬುದನ್ನು ಕಂಪೆನಿಗೇ ಬಿಟ್ಟಿತು. ನಿಯಮ ಬಂತು, ದರ ಮತ್ತೆ ಅವರ ಕೈಯಲ್ಲೇ.

ಶಾಲೆಯ ಟೀಚರುಗಳಿಗೆ, ನಮ್ಮ ವಾಚನಾಲಯದ ಹುಡುಗರಿಗೆ ನನ್ನದೊಂದು ಮಾತು. ಟ್ರಾಯ್ ಹೊರಡಿಸುವ ಸಮಾಲೋಚನಾ ಪತ್ರಗಳಿಗೆ ಯಾರು ಬೇಕಾದರೂ ಉತ್ತರ ಬರೆಯಬಹುದು. ಅದಕ್ಕೆ ವಕೀಲರೇ ಆಗಬೇಕು ಅಂತ ಇಲ್ಲ. 2015ರಲ್ಲಿ ಬರೆದ ಹತ್ತು ಲಕ್ಷ ಜನ ಹೆಚ್ಚಿನವರು ಪಟ್ಟಣದವರು. ಅವರು ತಮ್ಮ ಕಷ್ಟ ಬರೆದರು, ಅದರಲ್ಲಿ ತಪ್ಪಿಲ್ಲ. ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳ ಕಷ್ಟವನ್ನು ನಾವಲ್ಲದೆ ಯಾರು ಬರೆಯಬೇಕು? ಮುಂದಿನ ಸಲ ಅಂಥ ಪತ್ರ ಬಂದಾಗ ಈ ಜಗಲಿಯಲ್ಲೇ ಕೂತು ಓದುವ, ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವ, ಉತ್ತರ ಬರೆಯುವ. ಇಂಗ್ಲಿಷಿಗೆ ಹಾಕುವ ಕೆಲಸ ಆ ಕಾಲೇಜು ಹುಡುಗನಿಗೆ ಇರಲಿ. ಅವನು ಒಪ್ಪಿದ್ದಾನೆ.